ಯಾರೂ ಕೇಳದ ಸಂಗೀತ

ಕಳೆದ ಮಳೆಗಾಲದ ಕೊನೆಯಲ್ಲಿ ನಮ್ಮೂರಿನ ಒಂದು ಸಂಗೀತ ಸ್ಪರ್ಧೆಯ ಬಹುಮಾನ ವಿತರಣೆಗೆ ಹೋಗಿದ್ದೆ. ಹೋಗದೆ ವಿಧಿಯಿರಲಿಲ್ಲ. ನಮ್ಮ ಶಾಲೆಯ ಆರು ಮಕ್ಕಳು ಭಾಗವಹಿಸಿದ್ದರು. ಅವರನ್ನು ಕರೆದುಕೊಂಡು ಹೋಗಿ ಕರೆದುಕೊಂಡು ಬರುವ ಕೆಲಸ ಯಥಾಪ್ರಕಾರ ಕನ್ನಡ ಮೇಡಂ ಪಾಲಿಗೆ ಬಂದಿತ್ತು. ಮುಖ್ಯ ಅತಿಥಿಗಳು ದೊಡ್ಡ ಊರಿನಿಂದ ಬಂದವರು, ಕಛೇರಿಗಳನ್ನು ಏರ್ಪಡಿಸಿ ಹೆಸರು ಮಾಡಿದವರು. ಹಾರ, ಶಾಲು, ಹಣ್ಣಿನ ಬುಟ್ಟಿಗಳೆಲ್ಲ ಮುಗಿದ ಮೇಲೆ ಮೈಕಿನ ಮುಂದೆ ನಿಂತು ಮಕ್ಕಳಿಗೆ ಹಿತವಚನ ಹೇಳಿದರು. "ಜನ ಏನು ಕೇಳುತ್ತಾರೋ ಅದನ್ನು ಕಲಿಯಿರಿ. ಯಾರೂ ಕೇಳದ್ದನ್ನು ನುಡಿಸುತ್ತಾ ಆಯುಷ್ಯ ಕಳೆಯುವುದು ದಡ್ಡತನ. ಮೊದಲನೇ ಸಾಲಿಗೆ ಬರುವ ಶಕ್ತಿ ಇಲ್ಲ ಅನ್ನಿಸಿದರೆ ಈಗಲೇ ಬೇರೆ ದಾರಿ ನೋಡಿಕೊಳ್ಳಿ." ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ಇಷ್ಟು ವರ್ಷ ಸಭೆಗಳಲ್ಲಿ ಕೂತು ಕೂತು ಕೈಗೆ ಅಭ್ಯಾಸವಾಗಿಬಿಟ್ಟಿದೆ; ಮಾತು ಕಿವಿಯಿಂದ ತಲೆಗೆ ಹೋಗುವ ಮೊದಲೇ ಕೈ ತನ್ನ ಕೆಲಸ ಮುಗಿಸಿರುತ್ತದೆ.

ಅದಾದ ಹತ್ತು ದಿನಕ್ಕೆ ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ಪಿಟೀಲು ಪಾಠ ಬಿಟ್ಟೆ ಮೇಡಂ" ಅಂದಳು. ಐದು ವರ್ಷ ಕಲಿತವಳು. ಸ್ಪರ್ಧೆಯಲ್ಲಿ ಅವಳಿಗೆ ಸಮಾಧಾನಕರ ಬಹುಮಾನ ಬಂದಿತ್ತು. "ನಂಗೆ ಮೊದಲನೇ ಸಾಲು ಆಗಲ್ವಂತೆ. ಅಪ್ಪ ಹೇಳಿದ್ರು." ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು. ಕೂಡಿ ಕಳೆದು ಲೆಕ್ಕ ಒಪ್ಪಿಸಿದ ಹಾಗೆ ಹೇಳಿ ಹೋದಳು. ಆ ಚಪ್ಪಾಳೆಯಲ್ಲಿ ನನ್ನದೂ ಒಂದು ಪಾಲಿತ್ತಲ್ಲ ಎಂದು ಅವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಆ ದಿನ ಎದ್ದು ನಿಂತು ಕೊಡಬೇಕಾಗಿದ್ದ ಉತ್ತರವನ್ನು ಈಗ ಬರೆಯುತ್ತಿದ್ದೇನೆ. ತಡವಾಗಿದೆ, ನಿಜ. ಆದರೆ ಪರೀಕ್ಷೆಯಲ್ಲಿ ತಡವಾಗಿ ಬಂದ ಮಗುವನ್ನು ಹೊರಗೆ ನಿಲ್ಲಿಸಿದವಳಲ್ಲ ನಾನು. ನನಗೂ ಅಷ್ಟು ರಿಯಾಯಿತಿ ಸಿಗಲಿ.

ನನ್ನ ಉತ್ತರಕ್ಕೆ ಒಂದು ಹೆಸರಿದೆ: ಸುಸಾನ್ನೆ ಲೌಟೆನ್‌ಬಾಖರ್. ಈ ಹೆಸರನ್ನು ನಮ್ಮಲ್ಲಿ ಕೇಳಿದವರು ಎಷ್ಟು ಜನವೋ. ನಾನೂ ಕೇಳಿರಲಿಲ್ಲ. ನನ್ನ ಅಕ್ಕನ ಮಗ ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ಇಂಜಿನಿಯರು. ಚಿಕ್ಕಮ್ಮ ಒಂದು ಕಾಲದಲ್ಲಿ ಪಿಟೀಲು ಕಲಿತಿದ್ದಳು ಅನ್ನುವುದನ್ನು ನೆನಪಿಟ್ಟುಕೊಂಡ ಏಕೈಕ ಪ್ರಾಣಿ. ರಜಕ್ಕೆ ಬಂದಾಗ, ಅಲ್ಲಿ ಹಳೆಯ ಸಾಮಾನು ಮಾರುವ ಅಂಗಡಿಯಲ್ಲಿ ಸಿಕ್ಕಿತು ಎಂದು ಒಂದು ಸಿಡಿ ತಂದುಕೊಟ್ಟ. "ಇವರು ನಮ್ಮೂರಲ್ಲೇ ಪಾಠ ಹೇಳ್ತಿದ್ದೋರು ಚಿಕ್ಕಮ್ಮ" ಅಂದ. ಸ್ಟುಟ್‌ಗಾರ್ಟ್ ಅವನ ಪಾಲಿಗೆ 'ನಮ್ಮೂರು' ಆಗಿದ್ದಕ್ಕೆ ಅಕ್ಕ ಮುಖ ಸಣ್ಣ ಮಾಡಿಕೊಂಡಳು. ನಾನು ಮಾತ್ರ 'ಪಾಠ ಹೇಳ್ತಿದ್ದೋರು' ಅನ್ನುವುದಕ್ಕೆ ಕಿವಿ ನಿಮಿರಿಸಿದೆ.

ಆಕೆ ಹುಟ್ಟಿದ್ದು 1932ರಲ್ಲಿ, ಜರ್ಮನಿಯ ಆಗ್ಸ್‌ಬುರ್ಗಿನಲ್ಲಿ. ಬಾಲ್ಯ ಕಳೆದದ್ದು ಯುದ್ಧದಲ್ಲಿ. ಮುಂದೆ ಸ್ಟುಟ್‌ಗಾರ್ಟಿನ ಸಂಗೀತ ಮಹಾವಿದ್ಯಾಲಯದಲ್ಲಿ ಅಧ್ಯಾಪಕಿ. ಜೊತೆಗೆ ಧ್ವನಿಮುದ್ರಣ. ವಾಕ್ಸ್ ಎಂಬ ಕಂಪನಿಗೆ ಬಾಖ್, ಬೀಥೋವನ್, ಲೊಕಾಟೆಲ್ಲಿ ಅಂತ ರಾಶಿ ರಾಶಿ ನುಡಿಸಿದರು. ಅವುಗಳಲ್ಲಿ 1960ರ ದಶಕದ ಆರಂಭದ ಮೂರು ಎಲ್‌ಪಿಗಳ ಒಂದು ಪೆಟ್ಟಿಗೆ ಇದೆ. ನನ್ನ ಕೈಗೆ ಸಿಡಿಯಾಗಿ ಬಂದದ್ದು ಅದೇ. ಹೈನ್ರಿಖ್ ಬೀಬರ್ ಎಂಬ 17ನೇ ಶತಮಾನದ ಸಂಗೀತಗಾರ ಬರೆದ ಜಪಮಾಲೆಯ ಸೊನಾಟಾಗಳು. ಪಿಟೀಲಿಗೆ ಲೌಟೆನ್‌ಬಾಖರ್, ಆರ್ಗನ್ ಮತ್ತು ಹಾರ್ಪ್ಸಿಕಾರ್ಡಿಗೆ ರುಡಾಲ್ಫ್ ಎವರ್‌ಹಾರ್ಟ್, ತಗ್ಗು ಸ್ವರದ ಗಾಂಬಾ ವಾದ್ಯಕ್ಕೆ ಯೊಹಾನೆಸ್ ಕೋಖ್. ಈ ಕೃತಿಗಳ ಸಂಪೂರ್ಣ ಮುದ್ರಣಗಳಲ್ಲಿ ಇದು ತೀರ ಮೊದಲಿನವುಗಳ ಸಾಲಿಗೆ ಸೇರುತ್ತದೆ. ಸ್ವಾಮಿ, ತಾವು ಕೇಳಿದ ಮೊದಲನೇ ಸಾಲು ಇದೂ ಒಂದು. ಆದರೆ ಇದು ಜನ ಸೇರಿ ಚಪ್ಪಾಳೆ ತಟ್ಟುವ ಸಾಲಲ್ಲ. ಕಾಡು ಕಡಿದು ದಾರಿ ಮಾಡುವಾಗ ಮುಂದೆ ಇರುತ್ತದಲ್ಲ, ಆ ಸಾಲು.

ಆ ಸಂಗೀತವನ್ನು ಯಾರು ಕೇಳಿದ್ದರು ಅನ್ನುವುದನ್ನು ಸ್ವಲ್ಪ ನೋಡೋಣ. ಬೀಬರ್ ಸಾಲ್ಜ್‌ಬರ್ಗಿನ ಆರ್ಚ್‌ಬಿಷಪ್ಪರ ಆಸ್ಥಾನದಲ್ಲಿದ್ದವನು. 1670ರ ದಶಕದಲ್ಲಿ 15 ಸೊನಾಟಾಗಳನ್ನು ಬರೆದು, ಕೊನೆಗೆ ಪಿಟೀಲು ಒಂದೇ ನುಡಿಸುವ ಪಸಕಾಲಿಯಾ ಒಂದನ್ನು ಸೇರಿಸಿ, ತನ್ನ ಒಡೆಯನಿಗೆ ಒಪ್ಪಿಸಿದ. ಆ ಕಾಲದ ಕ್ಯಾಥೊಲಿಕರು ಜಪಮಾಲೆ ಎಣಿಸುವಾಗ ಮೇರಿ ಮತ್ತು ಯೇಸುವಿನ ಬದುಕಿನ 15 ಪ್ರಸಂಗಗಳನ್ನು ಧ್ಯಾನಿಸುತ್ತಿದ್ದರು: ಐದು ಆನಂದದ್ದು, ಐದು ದುಃಖದ್ದು, ಐದು ಮಹಿಮೆಯದು. ಪ್ರಸಂಗಕ್ಕೊಂದು ಸೊನಾಟಾ. ಹಸ್ತಪ್ರತಿಯಲ್ಲಿ ಪ್ರತಿಯೊಂದರ ಮೇಲೂ ಒಂದು ಪುಟ್ಟ ಚಿತ್ರ. ಆ ಹಸ್ತಪ್ರತಿಯ ಶೀರ್ಷಿಕೆಪುಟ ಕಳೆದುಹೋಗಿದೆ; ಆದ್ದರಿಂದ ಕರ್ತೃ ಏನೆಂದು ಹೆಸರಿಟ್ಟಿದ್ದ ಅನ್ನುವುದೂ ಇಲ್ಲ. ಅದು ಅಚ್ಚಾಗಿದ್ದು 1905ರಲ್ಲಿ. ಅಂದರೆ 200 ವರ್ಷಕ್ಕೂ ಮೇಲೆ ಬರೀ ಕಾಗದ. ಕೇಳುವವರಿಲ್ಲ, ಎರಡೂ ಅರ್ಥದಲ್ಲಿ. ನಮ್ಮ ಭಾಷೆ ಬಲು ಜಾಣ ಭಾಷೆ. ಬೇಕು ಅನ್ನುವುದಕ್ಕೂ ಕೇಳುವುದು ಅನ್ನುತ್ತೇವೆ, ಕಿವಿಗೊಡುವುದಕ್ಕೂ ಕೇಳುವುದು ಅನ್ನುತ್ತೇವೆ. ಕಿವಿಗೆ ಬೀಳದೆ ಬೇಕು ಅನ್ನುವುದು ಹೇಗೆ? ಜನ ಕೇಳುವುದನ್ನೇ ಕೊಡಿ ಎಂದು ಭಾಷಣ ಮಾಡುವವರು ಈ ಚಿಕ್ಕ ವ್ಯಾಕರಣವನ್ನು ಯೋಚಿಸುವುದಿಲ್ಲ.

ಕನ್ನಡ ಮೇಡಂ ಆದ್ದರಿಂದ ಇನ್ನೊಂದು ಮಾತು. ವಡ್ಡಾರಾಧನೆ ಹಸ್ತಪ್ರತಿಗಳಲ್ಲಿ ಮಲಗಿತ್ತು. ಡಿ.ಎಲ್. ನರಸಿಂಹಾಚಾರ್ಯರು ಪ್ರತಿಗಳನ್ನು ಹಿಡಿದು, ಪಾಠ ಹೋಲಿಸಿ, 1949ರಲ್ಲಿ ಗ್ರಂಥವಾಗಿ ತಂದರು. ಅಂಗಡಿಗೆ ಹೋಗಿ "ಒಂದು ವಡ್ಡಾರಾಧನೆ ಕೊಡಿ" ಎಂದು ಯಾರಾದರೂ ಕೇಳಿದ್ದರೆ? ಇವತ್ತು ಸುಕುಮಾರಸ್ವಾಮಿಯ ಕಥೆಯನ್ನು ಓದುತ್ತೇವೆ, ಪಾಠ ಮಾಡುತ್ತೇವೆ, ಕನ್ನಡ ಗದ್ಯ ಎಷ್ಟು ಹಳೆಯದು ನೋಡಿ ಎಂದು ಎದೆಯುಬ್ಬಿಸುತ್ತೇವೆ. ಯಾರೂ ಕೇಳದ್ದರ ಮೇಲೆ ಆಯುಷ್ಯ ಕಳೆದ ದಡ್ಡರ ಪುಣ್ಯದಿಂದ.

ಇನ್ನು ಆ ಕೆಲಸ ಎಂಥದ್ದು ಅನ್ನುವುದು. ಪಿಟೀಲು ಹಿಡಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ನಮ್ಮಲ್ಲಿ ಪಿಟೀಲಿನ ನಾಲ್ಕು ತಂತಿಗಳನ್ನು ಸ-ಪ-ಸ-ಪ ಎಂದು ಕೂಡಿಸುತ್ತೇವೆ. ಪಶ್ಚಿಮದವರು ಒಂದೊಂದು ತಂತಿಗೂ ಸ-ಪ ಅಂತರವಿಟ್ಟು ಮೇಲೆ ಮೇಲೆ ಏರಿಸಿಕೊಂಡು ಹೋಗುತ್ತಾರೆ. ಬೀಬರ್ ಮೊದಲ ಸೊನಾಟಾ ಮತ್ತು ಕೊನೆಯ ಪಸಕಾಲಿಯಾ ಬಿಟ್ಟರೆ ಉಳಿದ 14ಕ್ಕೂ ಬೇರೆ ಬೇರೆ ಕೂಡಿಕೆ ಹೇಳಿದ್ದಾನೆ. 11ನೆಯದರಲ್ಲಿ, ಅದು ಪುನರುತ್ಥಾನದ ಪ್ರಸಂಗ, ನಡುವಿನ ಎರಡು ತಂತಿಗಳನ್ನು ಅದಲುಬದಲು ಮಾಡಬೇಕು. ಮೇಲೆ ಬಿರಡೆಯ ಹತ್ತಿರವೂ ಕೆಳಗೆ ಕುದುರೆಯ ಆಚೆಗೂ ಅವು ಒಂದನ್ನೊಂದು ದಾಟಿ ಶಿಲುಬೆಯ ಆಕಾರವಾಗುತ್ತದೆ. ಬರೆದ ಸ್ವರಲಿಪಿಯೋ, ಬೆರಳು ಎಲ್ಲಿ ಇಡಬೇಕು ಅನ್ನುವುದನ್ನು ಹೇಳುತ್ತದೆಯೇ ಹೊರತು ಯಾವ ಸ್ವರ ಕೇಳುತ್ತದೆ ಅನ್ನುವುದನ್ನಲ್ಲ. ಕಣ್ಣು ನೋಡುವುದು ಒಂದು, ಕಿವಿ ಕೇಳುವುದು ಇನ್ನೊಂದು. ವರ್ಷಗಟ್ಟಲೆ ಪಳಗಿಸಿದ ಕೈಯನ್ನು ಪ್ರತಿ ಸೊನಾಟಾಕ್ಕೂ ಮರೆತು ಹೊಸದಾಗಿ ಕಲಿಯಬೇಕು. ಎಳೆದ ತಂತಿ ಹೇಳಿದ ಮಾತು ಕೇಳುವುದೂ ಇಲ್ಲ. ಹತ್ತು ನಿಮಿಷಕ್ಕೆ ಹಳೆಯ ಜಾಗಕ್ಕೆ ಜಾರಿರುತ್ತದೆ, ತುಂಟ ಹುಡುಗರ ಹಾಗೆ.

ಇದರ ಪಕ್ಕಕ್ಕೆ ಆರ್ಗನ್. ಬೀಬರನಿಗೆ ಬೀರುವಿನಷ್ಟು ಚಿಕ್ಕ ಆರ್ಗನ್ ಸಾಕು. ದೊಡ್ಡ ಇಗರ್ಜಿಗಳಲ್ಲಿ ಗೋಡೆಗೆ ಗೋಡೆಯೇ ಆರ್ಗನ್. ಎರಡೂ ಗಾಳಿ ತುಂಬಿದ ಕೊಳವೆಗಳ ವಾದ್ಯ. ಅದರ ಶ್ರುತಿಯನ್ನು ಕಛೇರಿ ಹೊತ್ತಿಗೆ ಬದಲಾಯಿಸಲು ಬರುವುದಿಲ್ಲ. ಸೆಕೆ ಏರಿದರೆ ಕೊಳವೆಯೊಳಗಿನ ಗಾಳಿ ಬಿಸಿಯಾಗಿ ಶ್ರುತಿ ಮೇಲೇರುತ್ತದೆ. ಹತ್ತು ಡಿಗ್ರಿ ಏರಿದರೆ ಅರ್ಧ ಸ್ವರದಂತರದ ಸುಮಾರು ಮೂರನೇ ಒಂದು ಭಾಗ. ಅದೇ ಸೆಕೆಗೆ ಪಿಟೀಲಿನ ತಂತಿ ಸಡಿಲಿ ಕೆಳಗಿಳಿಯುತ್ತದೆ. ಒಂದು ಏರಿಗೆ, ಇನ್ನೊಂದು ನೀರಿಗೆ. ಹೊಂದಿಕೊಳ್ಳಬೇಕಾದ್ದು ಯಾವಾಗಲೂ ಪಿಟೀಲು. ಆರ್ಗನ್ ಕಡೆಯವರ ಕಷ್ಟವೂ ಕಡಿಮೆಯದಲ್ಲ. ಬೀಬರ್ ಬರೆದುಕೊಟ್ಟಿರುವುದು ಬುಡದ ಸ್ವರಗಳ ಒಂದೇ ಸಾಲು. ಉಳಿದದ್ದನ್ನು ನುಡಿಸುವವರು ತಮ್ಮ ಬುದ್ಧಿಯಿಂದ ತುಂಬಿಕೊಳ್ಳಬೇಕು. ಎದುರಿಗೆ ಬರಹವಿಲ್ಲದೆ ಹಾಡುಗಾರರ ಮನೋಧರ್ಮದ ಬೆನ್ನು ಹತ್ತುವ ನಮ್ಮ ಪಕ್ಕವಾದ್ಯದವರಿಗೆ ಈ ಕೆಲಸ ಗೊತ್ತು. ಈ ಜೋಡಿ ಚೆನ್ನಾಗಿ ಕೂಡಿದಾಗ ಯಾರೂ ಬೆರಗಾಗುವುದಿಲ್ಲ. ಸಲೀಸಾಗಿದೆ ಅನ್ನುತ್ತಾರೆ, ಅಷ್ಟೆ. ಸಲೀಸಾಗಿ ಕಂಡ ಕೆಲಸಕ್ಕೆ ಬಹುಮಾನವಿಲ್ಲ. ಮನೆಗೆಲಸ ಮಾಡುವ ಯಾವ ಹೆಂಗಸನ್ನು ಕೇಳಿದರೂ ಹೇಳುತ್ತಾಳೆ.

ಇದೇ ಪಿಟೀಲು-ಆರ್ಗನ್ ಜೋಡಿಗೆ ಚಪ್ಪಾಳೆ ಬಿದ್ದ ದಿನವೂ ಇದೆ, ಇಲ್ಲ ಅನ್ನುವುದಿಲ್ಲ. 1917ರ ಅಕ್ಟೋಬರ್ 27ರಂದು ಯಾಶಾ ಹೈಫೆಟ್ಜ್ ಎಂಬ ಹದಿಹರೆಯದ ಹುಡುಗ ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ ಮೊದಲ ಕಛೇರಿ ಕೊಟ್ಟಾಗ ಶುರುಮಾಡಿದ್ದು ವಿಟಾಲಿಯ ಹೆಸರಿನಲ್ಲಿರುವ ಶಕೋನ್ ಕೃತಿಯಿಂದ, ಆರ್ಗನ್ ಜೊತೆಗೆ. ಒಂದೇ ರಾತ್ರಿಗೆ ಜಗತ್ಪ್ರಸಿದ್ಧನಾದ. ಅದೇ ಕೃತಿಯನ್ನು 1950ರಲ್ಲಿ ಆರ್ಗನ್ ಜೊತೆಗೇ ಧ್ವನಿಮುದ್ರಿಸಿದ. ಅದ್ಭುತವಾಗಿದೆ; ಅಸೂಯೆ ಪಟ್ಟು ಪ್ರಯೋಜನವಿಲ್ಲ. ಆದರೆ ಹೈಫೆಟ್ಜ್‌ಗೆ ಆರ್ಗನ್ ಒಂದು ಹಬ್ಬದ ದಿನದ ಜರಿ ಪಂಚೆ. ಹಬ್ಬ ಮುಗಿದ ಮೇಲೆ ಮಡಿಸಿಟ್ಟರೆ ಯಾರೂ ಕೇಳುವುದಿಲ್ಲ. ಮೂರು ಎಲ್‌ಪಿ ತುಂಬ, 14 ಬಾರಿ ತಂತಿ ಕೂಡಿಸಿ, ಯಾರಿಗೂ ಗೊತ್ತಿಲ್ಲದ ಕೃತಿಯನ್ನು ಮೊದಲಿಂದ ಕೊನೆಯವರೆಗೆ ನುಡಿಸಿ ಮುಗಿಸುವುದು ದಿನಗೂಲಿಯ ಕೆಲಸ. ಹಬ್ಬದೂಟ ಮಾಡುವವರೂ ಬೇಕು, ಗದ್ದೆ ಉಳುವವರೂ ಬೇಕು. ಉಳುವವನಿಗೆ 'ನೀನು ಹಬ್ಬದೂಟದ ಸಾಲಿಗೆ ಬರಲಾರೆ, ಬೇರೆ ದಾರಿ ನೋಡಿಕೋ' ಅಂದರೆ ಊಟ ಎಲ್ಲಿಂದ?

ಆ ಮೇಲೆ ಬೆಲೆಯ ಮಾತು. ವಾಕ್ಸ್ ಕಂಪನಿ 1945ರಲ್ಲಿ ಶುರುವಾದದ್ದು. ಕಡಿಮೆ ಬೆಲೆಗೆ ತಟ್ಟೆ ಮಾರುವುದೇ ಅದರ ಖ್ಯಾತಿ. ದೊಡ್ಡ ಕಂಪನಿಗಳು ಹೆಸರಾಂತವರ ಫೋಟೋ ಹಾಕಿ ಮಾರುತ್ತಿದ್ದಾಗ, ಇದು ಮೂರು ಮೂರು ತಟ್ಟೆಗಳನ್ನು ಪೆಟ್ಟಿಗೆಯಲ್ಲಿಟ್ಟು ಅಗ್ಗಕ್ಕೆ ಕೊಡುತ್ತಿತ್ತು. ಅಗ್ಗದ ಪೆಟ್ಟಿಗೆಯಲ್ಲಿ ಬಂದದ್ದು ಅಗ್ಗದ ಕಲೆ ಎಂದು ಬಗೆಯುವ ಜಾಣರು ಎಲ್ಲ ಊರಿನಲ್ಲೂ ಇರುತ್ತಾರೆ. ನಮ್ಮಜ್ಜನ ಮನೆಯಲ್ಲಿ ಸರ್ಕಾರ ಅಗ್ಗದ ಬೆಲೆಗೆ ಹಂಚಿದ ಕುಮಾರವ್ಯಾಸ ಭಾರತದ ಪ್ರತಿ ಇತ್ತು. ಬೆನ್ನು ಕಿತ್ತುಹೋಗಿ, ಸೆಗಣಿ ಸಾರಿಸಿದ ನೆಲದ ಮೇಲೆ ಬಿದ್ದು ಬಿದ್ದು ಬಣ್ಣಗೆಟ್ಟಿತ್ತು. ಕುಮಾರವ್ಯಾಸನ ಬೆಲೆ ಅದರಿಂದ ಇಳಿಯಿತೆ? ಅಗ್ಗವಾದ್ದರಿಂದಲೇ ಅವನು ಬಡ ರೈತನ ಜಗುಲಿಗೆ ಬಂದ. ಹಾಗೆಯೇ ಅಗ್ಗವಾದ್ದರಿಂದಲೇ ಲೌಟೆನ್‌ಬಾಖರ್ ನುಡಿಸಿದ ಬೀಬರ್ ವಿದ್ಯಾರ್ಥಿಗಳಿಗೂ ನನ್ನಂಥ ಮೇಷ್ಟರುಗಳಿಗೂ ಕೈಗೆಟುಕುವ ಬೆಲೆಗೆ ಸಿಕ್ಕಿದ್ದು.

"ಆ ಮೇಲೆ ಅವರಿಗಿಂತ ಚೆನ್ನಾಗಿ ನುಡಿಸುವವರು ಬಂದರಲ್ಲ?" ಎಂದು ಮುಖ್ಯ ಅತಿಥಿಗಳ ಪರವಾಗಿ ಯಾರಾದರೂ ಕೇಳಬಹುದು. ಬಂದರು. ಬೀಬರನ ಕಾಲದ ಹಾಗೆ ಕರುಳಿನ ತಂತಿ, ಹಳೆಯ ಮಾದರಿಯ ಕಮಾನು ಹಿಡಿದವರು ಬಂದರು. 1990ರಲ್ಲಿ ರೈನ್‌ಹಾರ್ಡ್ ಗೋಬೆಲ್, 2004ರಲ್ಲಿ ಆಂಡ್ರೂ ಮ್ಯಾನ್ಜ್ ಮುದ್ರಿಸಿದರು. ಇವತ್ತು ಈ ಸೊನಾಟಾಗಳ ಮುದ್ರಣಗಳು ಹತ್ತಾರು ಇವೆ, ಫೋನಿನಲ್ಲೇ ಸಿಗುತ್ತವೆ. ಅವನ್ನು ಕೇಳಿ ಲೌಟೆನ್‌ಬಾಖರರ ಬಿಲ್ಲು ಸ್ವಲ್ಪ ಭಾರ, ಹಳೆಯ ರೀತಿ ಅನ್ನುವವರೂ ಇದ್ದಾರು. ಇರಲಿ. ಹಿಂದೆ ಬಂದವರ ಕಿವಿಯಲ್ಲಿ ಒಂದು ನಾದ ಆಗಲೇ ಇತ್ತು, ಒಪ್ಪುವುದಕ್ಕೋ ಜಗಳವಾಡುವುದಕ್ಕೋ. ಮೊದಲು ಹೋದವರ ಎದುರಿಗೆ ಇದ್ದದ್ದು ಕಾಗದ ಮಾತ್ರ. ಪರಿಷ್ಕೃತ ಮುದ್ರಣ ಬಂತೆಂದು ಮೊದಲ ಸಂಪಾದಕರನ್ನು ಬೈಯುವ ವಿದ್ಯಾರ್ಥಿಗೆ ನಾನು ಅಂಕ ಕೊಡುವುದಿಲ್ಲ.

ಮರೆತುಹೋದದ್ದು ಬೀಬರ್ ಒಬ್ಬನೇ ಅಲ್ಲ. ಲಿಖ್ಟೆನ್‌ಸ್ಟೈನ್ ಎಂಬ ಪುಟ್ಟ ದೇಶದ ವಾಡುಜ್‌ನಲ್ಲಿ 1839ರಲ್ಲಿ ಹುಟ್ಟಿದ ಯೋಸೆಫ್ ರೈನ್‌ಬರ್ಗರ್ ಏಳನೇ ವಯಸ್ಸಿಗೇ ಊರಿನ ಇಗರ್ಜಿಯಲ್ಲಿ ಆರ್ಗನ್ ನುಡಿಸುತ್ತಿದ್ದ. ದೊಡ್ಡವನಾಗಿ ಮ್ಯೂನಿಕ್ಕಿನಲ್ಲಿ ಹೆಸರಾಂತ ಗುರುವಾದ. ಪಿಟೀಲು-ಆರ್ಗನ್ ಜೋಡಿಗೆಂದೇ ಆರು ತುಣುಕುಗಳನ್ನೂ ಒಂದು ಸೂಟ್ ಅನ್ನೂ ಬರೆದ. 1901ರಲ್ಲಿ ತೀರಿಕೊಂಡ ಮೇಲೆ ಅವನ ಸಂಗೀತ ಬಹುಕಾಲ ಮೂಲೆಗೆ ಬಿತ್ತು. ಅದನ್ನು ಮೂಲೆಯಿಂದ ತೆಗೆದವರು ದೊಡ್ಡ ತಾರೆಗಳಲ್ಲ. ತಮ್ಮ ತಮ್ಮ ಊರಿನ ಇಗರ್ಜಿಯ ಆರ್ಗನ್ ಮುಂದೆ ಕೂರುವವರು, ಕಾಲೇಜುಗಳಲ್ಲಿ ಪಿಟೀಲು ಕಲಿಸುವವರು, ಚಿಕ್ಕ ಕಂಪನಿಗಳು. ಆರ್ಗನ್ ಅನ್ನು ಹೊತ್ತು ಊರೂರು ತಿರುಗಲು ಬರುವುದಿಲ್ಲ. ಅದಿರುವ ಕಡೆಗೆ ಪಿಟೀಲು ಹೋಗಬೇಕು. ದೇಶ ಸುತ್ತುವ ತಾರೆಗೆ ಅಷ್ಟು ಪುರುಸೊತ್ತು ಎಲ್ಲಿ?

ನಮ್ಮಲ್ಲಿ ಮಾತೇ ಇದೆ, ಪಕ್ಕವಾದ್ಯ ಎಂದು. ಪಕ್ಕ ಅನ್ನುವುದನ್ನು ನಾವು ಯಾವಾಗ 'ಕಡಿಮೆ' ಅನ್ನುವ ಅರ್ಥಕ್ಕೆ ತಂದೆವೋ ತಿಳಿಯದು. ಪಕ್ಕದಲ್ಲಿ ಕೂತವರಿಲ್ಲದೆ ನಡುವೆ ಕೂತವರು ಇರುವುದು ಹೇಗೆ? ನನ್ನ ತರಗತಿಯಲ್ಲಿ 42 ಮಕ್ಕಳು. ಒಬ್ಬರಿಗೇ ಮೊದಲ ಸ್ಥಾನ. ಮುಖ್ಯ ಅತಿಥಿಗಳ ನ್ಯಾಯದಂತೆ ನಾಳೆ ಬೆಳಿಗ್ಗೆ 41 ಮಕ್ಕಳಿಗೆ ಟಿ.ಸಿ. ಕೊಟ್ಟು ಕಳಿಸಬೇಕು. ಅವರ ಸಭೆಯಲ್ಲಾದರೂ ಅಷ್ಟೆ: ಕೇಳಿದವರೆಲ್ಲ ಮೊದಲ ಸಾಲಿನ ವಿದ್ವಾಂಸರೇ ಆಗಿದ್ದರೆ ಹಿಂದಿನ ಕುರ್ಚಿಗಳಲ್ಲಿ ಕೂತು ತಲೆದೂಗುವವರು ಯಾರು? ಅರ್ಧ ಕಲಿತವರು, ಕಲಿತು ಬಿಟ್ಟವರು, ಮನೆಯಲ್ಲಿ ಸಂಜೆ ಒಂದು ಗಂಟೆ ನುಡಿಸಿಕೊಳ್ಳುವವರು ಊರಿನಲ್ಲಿ ಇರುವುದರಿಂದಲೇ ದೊಡ್ಡವರ ಕಛೇರಿಗೆ ಕಿವಿಗಳಿವೆ.

ನನ್ನ ವಿಷಯವನ್ನೂ ಹೇಳಿಬಿಡಬೇಕು. ಮುಚ್ಚಿಟ್ಟು ಜಗಳವಾಡುವುದು ಸರಿಯಲ್ಲ. ಏಳು ವರ್ಷ ಪಿಟೀಲು ಕಲಿತೆ. ವರ್ಣಗಳು ಮುಗಿದು ಕೃತಿಗಳು ಶುರುವಾಗಿದ್ದವು. ನಂತರ ಬಿ.ಎ., ಬಿ.ಎಡ್., ಮದುವೆ, ನೌಕರಿ. ಪಿಟೀಲು ಅಟ್ಟ ಸೇರಿತು. ಬಿಡು ಎಂದು ಯಾರೂ ಹೇಳಲಿಲ್ಲ. ನಮ್ಮವರು ಒಳ್ಳೆಯವರು, ಅತ್ತೆಯೂ ಒಳ್ಳೆಯವರು. ಬಿಡು ಅಂದಿದ್ದರೆ ಹಟಕ್ಕಾದರೂ ಹಿಡಿದುಕೊಳ್ಳುತ್ತಿದ್ದೆನೋ ಏನೋ. ನುಡಿಸು ಎಂದು ಯಾರೂ ಕೇಳಲಿಲ್ಲ, ಅಷ್ಟೆ. ಯಾರೂ ಕೇಳದ್ದನ್ನು ನುಡಿಸುವುದು ದಡ್ಡತನ ಎಂದು ನಾನು ಆ ಭಾಷಣಕ್ಕೆ ಎಷ್ಟೋ ವರ್ಷ ಮೊದಲೇ ಒಪ್ಪಿಕೊಂಡಿದ್ದೆ. ಅವತ್ತು ನನ್ನ ಕೈ ಚಪ್ಪಾಳೆ ತಟ್ಟಿದ್ದು ಬರೀ ಅಭ್ಯಾಸದಿಂದ ಅಲ್ಲ ಅನ್ನಿಸುತ್ತದೆ.

ಸಿಡಿ ಕೇಳಿದ ದಿನ ಅಟ್ಟದಿಂದ ಪೆಟ್ಟಿಗೆ ಇಳಿಸಿದೆ. ಕಮಾನಿನ ಕೂದಲನ್ನು ಹುಳು ತಿಂದು ಹಾಕಿತ್ತು. ಎರಡು ತಂತಿ ಕಿತ್ತುಹೋಗಿದ್ದವು. ಕೊನೆಯ ಪಸಕಾಲಿಯಾದಲ್ಲಿ ನಾಲ್ಕು ಸ್ವರಗಳು ಕೆಳಗಿಳಿಯುತ್ತವೆ. ಅದೇ ನಾಲ್ಕು, 65 ಬಾರಿ. ಆರ್ಗನ್ ಇಲ್ಲ, ಜೊತೆಗೆ ಯಾರೂ ಇಲ್ಲ, ಒಂಟಿ ಪಿಟೀಲು. ಹಸ್ತಪ್ರತಿಯಲ್ಲಿ ಅದರ ಮೇಲಿರುವ ಚಿತ್ರ ಮಗುವಿನ ಕೈ ಹಿಡಿದು ನಡೆಸುವ ಕಾವಲು ದೇವತೆಯದು. ನಾನು ಕ್ರೈಸ್ತಳಲ್ಲ, ಪಶ್ಚಿಮದ ಸಂಗೀತದ ಶಾಸ್ತ್ರವೂ ನನಗೆ ತಿಳಿಯದು. ಆದರೂ ಇಳಿಯುವ ಆ ನಾಲ್ಕು ಸ್ವರಗಳು 30, 40 ಸಲ ಬಂದ ಮೇಲೆ, ಇದನ್ನು ಯಾರಾದರೂ ಕೇಳಿ ನುಡಿಸಿದ್ದಲ್ಲ, ನುಡಿಸಲೇಬೇಕಾಗಿತ್ತು ಎಂದು ನುಡಿಸಿದ್ದು ಅನ್ನುವುದು ತಿಳಿಯಿತು.

ಆ ಹುಡುಗಿಯನ್ನು ಒಂದು ಶನಿವಾರ ಮನೆಗೆ ಕರೆದೆ. ಕೇಳಿಸಿದೆ. ಮುಗಿದ ಮೇಲೆ, "ಇವ್ರು ಫೇಮಸ್ಸಾ ಮೇಡಂ?" ಅಂದಳು. ಅಷ್ಟೇನಿಲ್ಲ, ನನ್ನ ಹಾಗೆ ಪಾಠ ಹೇಳುತ್ತಿದ್ದವರು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ತಂತಿ ಕ್ರಾಸ್ ಮಾಡೋದನ್ನ ಇನ್ನೊಂದ್ಸಲ ಹಾಕಿ" ಅಂದಳು. ಅವಳ ತಂದೆಯನ್ನೂ ಕಂಡು ಮಾತಾಡಿದ್ದೇನೆ. ಇದರಿಂದ ಏನು ಪ್ರಯೋಜನ ಮೇಡಂ ಎಂದು ಕೇಳಿದರು. ತಪ್ಪಿಲ್ಲ, ಮಗಳ ಭವಿಷ್ಯದ ಚಿಂತೆ ಅವರದು. ಪ್ರಯೋಜನವಿದೆ ಎಂದು ಅವರಿಗೆ ಸುಳ್ಳು ಹೇಳಲಿಲ್ಲ. ಹತ್ತನೇ ತರಗತಿಯ ಪರೀಕ್ಷೆ ಮುಗಿಯಲಿ, ನೋಡೋಣ ಅಂದಿದ್ದಾರೆ. ಅಲ್ಲಿಯವರೆಗೆ ಅವಳು ಶನಿವಾರ ನಮ್ಮ ಮನೆಗೆ ಬರುತ್ತಾಳೆ. ಕಮಾನಿಗೆ ಹೊಸ ಕೂದಲು ಹಾಕಿಸಿದ್ದೇನೆ. ನನ್ನ ಬೆರಳುಗಳು ಸ್ವರಸ್ಥಾನ ಮರೆತಿವೆ, ಅವಳು ತಿದ್ದುತ್ತಾಳೆ.

ಮುಖ್ಯ ಅತಿಥಿಗಳೇ, ಮುಂದಿನ ಸಲ ಮಕ್ಕಳ ಮುಂದೆ ಮೈಕು ಸಿಕ್ಕಾಗ ದಯವಿಟ್ಟು ಬಹುಮಾನ ಕೊಟ್ಟು ಕೂತುಕೊಳ್ಳಿ. ಯಾವುದನ್ನು ಜನ ಕೇಳುತ್ತಾರೆ ಅನ್ನುವುದು ತಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. 1905ಕ್ಕೆ ಮೊದಲು ಬೀಬರನ ಈ ಸೊನಾಟಾಗಳನ್ನು ಕೇಳಿದವರು ವಿರಳ.